ಅಪ್‌ಡೇಟ್: ಇಗ್ನೋದಲ್ಲಿ ಜೆಂಡರ್ ಅಂಡ್ ಡೆವಲಪ್‌ಮೆಂಟ್ ಎಂ.ಎ. ಸೇರಿಯೇ ಬಿಟ್ಟೆ

ಹೋದ ವರ್ಷ ಇಲ್ಲಿ ಕೇಳಿದ್ದೆ: ಬಿ.ಕಾಂ. ಮುಗಿದು ಹನ್ನೆರಡು ವರ್ಷ, ಜಗಳೂರು ಕಡೆ ಹಳ್ಳಿ, ಇಬ್ಬರು ಮಕ್ಕಳು. ಇಗ್ನೋ ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ, ಹೆಣ್ಣು-ಗಂಡಿನ ಪಾತ್ರ ಮತ್ತು ಅಭಿವೃದ್ಧಿಯ ಬಗೆಗಿನ ಈ ಎಂ.ಎ. ಮಾಡಬಹುದಾ, ಆ ಡಿಗ್ರಿಗೆ ಬೆಲೆ ಇದೆಯಾ ಅಂತ. ಧೈರ್ಯ ತುಂಬಿದ ಅಕ್ಕಂದಿರಿಗೆಲ್ಲ ಋಣಿ. ಜುಲೈನಲ್ಲಿ ಸೇರಿದೆ, ಈ ಜೂನ್‌ನಲ್ಲಿ ಮೊದಲ ವರ್ಷದ ಪರೀಕ್ಷೆ ಬರೆದೆ.

ಬೆಲೆ ಇದೆ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಓದಿದ ಪದವಿಗೆ ಸಮ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾವ ವಿಷಯದ ಡಿಗ್ರಿ ಇದ್ದರೂ ಸೇರಬಹುದು. ಎರಡು ವರ್ಷದ ಕೋರ್ಸು, ಆಗದಿದ್ದರೆ ನಾಲ್ಕು ವರ್ಷದವರೆಗೆ ಸಮಯವಿದೆ. ಅಂಕಗಳಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ನಾನು ಕೊಟ್ಟ ಒಂದು ಅಸೈನ್‌ಮೆಂಟ್ ಇಗ್ನೋದ ಅಧ್ಯಯನ ಕೇಂದ್ರದಲ್ಲಿ ಕಳೆದೇಹೋಯಿತು. ಸ್ವೀಕೃತಿ ಚೀಟಿ ಇದ್ದಿದ್ದಕ್ಕೆ ಬಚಾವಾದೆ, ಚೀಟಿ ಜೋಪಾನ.

ಪಾಠಗಳಲ್ಲಿ ನನ್ನನ್ನು ಹಿಡಿದಿಟ್ಟಿದ್ದು, ಹೆಣ್ಣು ಮತ್ತು ಅಭಿವೃದ್ಧಿಯ ಬಗ್ಗೆ ಬರೆದ ವಿದ್ವಾಂಸೆ ಕ್ಯಾರೊಲಿನ್ ಮೋಸರ್ ಹೇಳುವ ಹೆಣ್ಣಿನ ಮೂರು ಪಾತ್ರಗಳ ವಿಚಾರ: ಉತ್ಪಾದನೆಯ ದುಡಿಮೆ, ಮನೆಯ ಆರೈಕೆ, ಊರಿನ ಕೆಲಸ. ಅದನ್ನು ಓದಿದ ಮೇಲೆ ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಅತ್ತೆಯ ಒಂದು ದಿನವನ್ನು ಗಂಟೆಗಂಟೆಗೆ ಬರೆದಿಟ್ಟೆ. ಬೆಳಗಿನ ಜಾವ ನೀರು, ಸಗಣಿ, ರೊಟ್ಟಿ. ಆಮೇಲೆ ತೆನೆ ಬಿಡಿಸುವುದು. ಸಂಜೆ ಎಮ್ಮೆ, ರಾತ್ರಿ ಮೊಮ್ಮಕ್ಕಳು. ಕೂಲಿ ಲೆಕ್ಕಕ್ಕೆ ಬರುವುದು ತೆನೆ ಒಂದೇ, ಅದೂ ಬೇರೆಯವರ ಹೊಲವಾದರೆ. ಓದಿ ಹೇಳಿದಾಗ ಅತ್ತೆ ಕೇಳಿದ್ದು, “ಇದನ್ನೂ ಕೆಲಸ ಅಂತ ಬರ್ದಿಯೇನವ್ವಾ?” ಆ ಮಾತು ಇನ್ನೂ ಕಿವಿಯಲ್ಲಿದೆ.

ಇಂಗ್ಲಿಷ್ ಪುಸ್ತಕಗಳು ಮೊದಮೊದಲು ಕಷ್ಟವೇ. ಕನ್ನಡದಲ್ಲಿ ನೋಟ್ಸ್ ಮಾಡಿಕೊಂಡಿದ್ದೇನೆ, ಬೇಕಾದವರು ಕೇಳಿ.