ಪಾಸ್‌ಪೋರ್ಟ್ ಫೋಟೋ ನೋಡಿ ಪೆನ್ಸಿಲ್ ಚಿತ್ರ: ಗ್ರಿಡ್ಡೋ, ಟ್ರೇಸಿಂಗೋ?

ಪ್ರಶ್ನೆ (ಹಾವೇರಿ): ಅಪ್ಪಾರು ತೀರಿಕೊಂಡು ವರ್ಷ ಆಗಾಕ ಬಂತು. ಇರೋದು ಒಂದ ಪಾಸ್‌ಪೋರ್ಟ್ ಫೋಟೋ. ಎ3 ಹಾಳಿ ಮ್ಯಾಲೆ ಪೆನ್ಸಿಲ್‌ಲೆ ತಗೀಬೇಕಂತ ಮಾಡೇನಿ. ಫೋಟೋಕ್ಕೂ ಹಾಳಿಗೂ ಚೌಕ ಹೊಡದು ನೋಡಿ ತಗಿಯೋ ಗ್ರಿಡ್ ಹಾಕ್ಲೋ, ಫೋಟೋದ ಗೆರಿ ನೇರ ಹಾಳಿಗೆ ಇಳಿಸಿ ಟ್ರೇಸ್ ಮಾಡ್ಲೋ? ಅನುಭವ ಇದ್ದವರು ಹೇಳ್ರಿ.

ಹುಬ್ಬಳ್ಳಿ: ಗ್ರಿಡ್ಡು ಆಮ್ಯಾಲೆ, ಮೊದಲ ಹಾಳಿ ನೋಡ್ಕೋರಿ. ನಮ್ಮ ಅವ್ವನ ಚಿತ್ರ ತಗೀವಾಗ ಅಂಗಡಿಯಾಂವ ದಪ್ಪ ಐತಿ ಅಂತ ಹೇಳಿ ತರಿತರಿ ವಾಟರ್ ಕಲರ್ ಹಾಳಿ ದಬ್ಬಿದ. ಒಂದಕ್ಕ 120 ರೂಪಾಯಿ. ಗಲ್ಲದ ಮ್ಯಾಲೆ 2ಬಿ ಪೆನ್ಸಿಲ್ ತಿಕ್ಕಿದ್ರ ಕುಣಿಯೊಳಗ ಬಿಳೇದ ಉಳೀತು, ಅವ್ವಗ ಮೈಲಿ ಎದ್ದಂಗ ಕಾಣಾಕ್ಹತ್ತು. ಹೆರಳಿಗೆ ಇನ್ನೂ ಮೆತ್ತಗ, ಕರ್ರಗ ಇರೋ 8ಬಿ ಒತ್ತಿದೆ. ಲೈಟ್ ಬಿದ್ರ ಮಿರಿಮಿರಿ ಹೊಳೀತೈತಿ, ಪೆನ್ಸಿಲ್ ಒಳಗಿನ ಗ್ರಾಫೈಟ್ ಗುಣಾನ ಅದು. ಅದರ ಮ್ಯಾಲೆ ಚಾರ್ಕೋಲ್ (ಇದ್ದಲಿ ಕಡ್ಡಿ) ಹಚ್ಚಿದ್ರ ಹಿಡೀವಲ್ದು. ಮತ್ತ ನುಣ್ಣನ್ನ ಹಾಳಿ, ಕಾರ್ಬನ್ ಹೆಚ್ಚಿದ್ದು ಹೊಳಪು ಕಡಿಮಿ ಇರೋ ಲ್ಯುಮೊಗ್ರಾಫ್ ಬ್ಲ್ಯಾಕ್ ಪೆನ್ಸಿಲ್, ಹಿಟ್ಟಿನಂಗ ನಾದೋ ನೀಡಬಲ್ ಇರೇಸರ್ ಕೂಡಿ 1,140 ಆತು. ಫ್ರೇಮ್ ಬ್ಯಾರೆ.

ಗದಗ: ಧಾರವಾಡದ ಹಲಭಾವಿ ಮಾಸ್ತರ ಚಿತ್ರಕಲಾ ಶಾಲೆ ಕಟ್ಟಿದ ಸೀಮ್ಯಾಗ ಟ್ರೇಸಿಂಗ್ ಅಂತ ಕೇಳ್ತೀರಲ್ಲ! ನಮ್ಮ ಮಾವಂದು ಗ್ರಿಡ್‌ನಾಗ ತಗದೀನಿ. ಪಾಸ್‌ಪೋರ್ಟ್ ಫೋಟೋ 35×45 ಮಿ.ಮೀ., 5 ಮಿ.ಮೀ. ಚೌಕ ಹೊಡದ್ರ ಅಡ್ಡ 7, ಉದ್ದ 9. ಎ3 ಮ್ಯಾಲೆ 4 ಸೆಂ.ಮೀ. ಚೌಕ. ಒಂದು ಕಣ್ಣಿಗೇ ಇಡೀ ಐತವಾರ ಹೋತು. ಕಣ್ಣಿನ ಬಿಳೀ ಭಾಗಕ್ಕೂ ಶೇಡ್ ಬೇಕು, ಖಾಲಿ ಬಿಟ್ರ ಮಾವ ಯಾರಿಗೋ ಅಂಜಿ ನಿಂತಾನ. ಟ್ರೇಸಿಂಗ್‌ಲೆ ಗೆರಿ ಬರ್ತಾವ, ಮಾರಿ ಬರೂದಿಲ್ಲ.

ರಾಣೇಬೆನ್ನೂರು: ಗದಗಿನ ಅಣ್ಣಾರ, ಟ್ರೇಸಿಂಗ್‌ಲೆನ ನಮ್ಮ ಮನಿ ನಡೀತೈತಿ. ಗಿರಾಕಿ ವಾಟ್ಸಾಪ್‌ನಾಗ ಫೋಟೋ ಒಗದು ನಾಡಿದ್ದ ಬೇಕು ಅಂದ್ರ ಚೌಕ ಎಣಿಸ್ಕೋಂತ ಕುಂದ್ರೂದಾ? ದೊಡ್ಡ ಪ್ರಿಂಟಿನ ಹಿಂದ 4ಬಿ ಬಳದು, ಹಾಳಿ ಮ್ಯಾಲಿಟ್ಟು ಗೆರಿಗುಂಟ ಒತ್ತಿದ್ರ ಅರ್ಧ ತಾಸಿನ ಕೆಲಸ. ಶೇಡಿಂಗ್ ಏನು ಮಷೀನ್ ಮಾಡ್ತೈತೇನು? ಸೆಲ್ಫಿ ಕೊಟ್ರ ಕ್ಯಾಮೆರಾ ಸನೇದಾಗಿರತೈತಿ, ಮೂಗು ದೊಡ್ಡದು ಬೀಳ್ತೈತಿ. ನಿಮ್ಮ ಗ್ರಿಡ್‌ನಾಗೂ ಅದ ಮೂಗ! ನನ್ನ ಗೋಳು ಫ್ರೇಮಿಂದು. ಗ್ಲಾಸು ಹಾಳಿಗೆ ತಾಗದಂಗ ನಡುವ ರಟ್ಟಿನ ಮೌಂಟ್ ಹಾಕ್ರಿ ಅಂತ ಬಡಕೊಂಡ್ರೂ ಅಂಗಡಿಯಾಂವ ಗ್ಲಾಸ್ ಹಾಳಿಗೇ ಒತ್ತಿ ಮೊಳೆ ಹೊಡದ. ಮಳಿಗಾಲದಾಗ ತಂಪು ಹಿಡದು ಅಂಟಿಕೊಂತು. ಬಿಚ್ಚಿದ್ರ ಅರ್ಧ ಮೀಸಿ ಗ್ಲಾಸಿಗೆ. ಫ್ರೇಮಿಂದು 750 ಹೋತು, ಗಿರಾಕಿಗೆ 2,500 ತಿರುಗಿ ಕೊಟ್ಟೆ.

ಗದಗ: ಅರ್ಧ ತಾಸಿನ ಗೆರಿಗೆ 2,500 ತಗೊಂಡ್ರ ಮತ್ತೇನಾಗ್ತದ?

ರಾಣೇಬೆನ್ನೂರು: ನಿಮ್ಮ ಮಾವನ ಚಿತ್ರ ಇಲ್ಲಿ ಹಾಕ್ರಿ, ನೋಡೋಣು.

ಹುಬ್ಬಳ್ಳಿ: ಜಗಳ ಬಿಡ್ರೋ ಮಾರಾಯ್ರ. ಬೆರಳಿಲೆ ತಿಕ್ಕಬ್ಯಾಡ್ರಿ ಅಂತ ಯಾರೂ ಹೇಳ್ಲಿಲ್ಲ. ಕೈಯಾನ ಎಣ್ಣಿ ಹತ್ತಿ ಕಲಿ ಬೀಳ್ತಾವ, ರಬ್ಬರಿಗೂ ಹೋಗೂದಿಲ್ಲ. ಹಾಳಿ ಸುತ್ತಿ ಮಾಡಿದ ಕಡ್ಡಿ, ಪೇಪರ್ ಸ್ಟಂಪ್ ತಗೋರಿ.

ಧಾರವಾಡ: ನಮ್ಮೂರ ಹಲಭಾವಿ ಮಾಸ್ತರ ಹೆಸರು ಗದಗಿನವರಿಗೆ ಯಾಕ ಬೇಕಾತು? ನಿಮ್ಮಲ್ಲೇ ಅಕ್ಕಿ ಮಾಸ್ತರ ಕಟ್ಟಿದ ವಿಜಯ ಕಲಾ ಮಂದಿರ ಅದಲ್ಲ.

ಗದಗ: ನಾ ಅಲ್ಲೇ ಕಲತಾಂವ. ನಿಮ್ಮಿಂದ ತಿಳಕೋಬೇಕಾಗಿಲ್ಲ.

ರಾಣೇಬೆನ್ನೂರು: ಎಲ್ಲಿ ಕಲತ್ರಿ ಅಂತ ಕೇಳಿಲ್ಲರಿ. ಮಾವನ ಚಿತ್ರ ಎಲ್ಲೈತಿ?