ಅಜ್ಜನ ಅಜ್ಜ ಹಾಕಿದ ಕಾಫಿ ತೋಟ: ಅವರ ಮೂಲ ಹುಡುಕೋದು ಹೇಗೆ? ಅನುಭವ ಇದ್ದವರು ಹೇಳಿ

ನಮ್ಮದು ಮೂಡಿಗೆರೆ ಕಡೆ. ನಾನು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರು. ನನ್ನ ಅಜ್ಜನ ಅಜ್ಜ ಎಲ್ಲಿಂದಲೋ ಬಂದು, ಕಾಡು ಕಡಿದು, ನಮ್ಮ ಸೀಮೆಗೇ ಮೊದಲು ಕಾಫಿ ಹಾಕಿದರು ಅಂತ ಮನೇಲಿ ಹೇಳ್ತಾರೆ. ಅವರ ಹೆಸರು ಗೊತ್ತು, ತೋಟದ ಸರ್ವೆ ನಂಬರ್ ಗೊತ್ತು. ತೀರಿಕೊಂಡದ್ದು ಪ್ರಭವ ಸಂವತ್ಸರದ ಮಳೆಗಾಲದಲ್ಲಿ ಅಂತ ಅಜ್ಜಿ ಹೇಳ್ತಿದ್ರು. ನನ್ನ ಹತ್ತಿರ ಇರೋ ಬಂಡವಾಳ ಇಷ್ಟೇ. ಅವರ ಅಪ್ಪ ಅಮ್ಮ ಯಾರು, ಯಾವ ಊರಿಂದ ಬಂದ್ರು, ಆಗಿನ ಕಾಲ ಹೇಗಿತ್ತು ಅಂತ ತಿಳೀಬೇಕು. ಎಲ್ಲಿಂದ ಶುರು ಮಾಡಲಿ?

*ಸಕಲೇಶಪುರದಿಂದ:*

ಮೊದಲು ಆ "ಮೊದಲು" ಅನ್ನೋ ಮಾತನ್ನ ಪಕ್ಕಕ್ಕಿಡಿ. ನಮ್ಮ ಕಡೆ ಹತ್ತು ಮನೇಲಿ ಕೇಳಿದ್ರೆ ಹತ್ತು ಮನೆಯವರೂ ಮೊದಲು ಕಾಫಿ ಹಾಕಿದವರೇ. ಬಾಬಾಬುಡನ್ ಗಿರಿ ಆಸುಪಾಸಿನ ಹಿತ್ತಿಲಲ್ಲಿ ಕಾಫಿ ಎಷ್ಟೋ ಹಿಂದಿನಿಂದ ಇತ್ತು. ಮಂಜ್ರಾಬಾದಿನಲ್ಲಿ, ಅಂದ್ರೆ ಈಗಿನ ಸಕಲೇಶಪುರದ ಕಡೆ, ಬಿಳಿಯರ ತೋಟ ಶುರುವಾದದ್ದು 1843ರಲ್ಲಿ. ನಿಮ್ಮವರು ಇವೆರಡರ ನಡುವೆ ಎಲ್ಲಿ ಬರ್ತಾರೆ ಅನ್ನೋದನ್ನ ಆಮೇಲೆ ನೋಡೋಣ.

ಈಗ ಸಂವತ್ಸರ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ. ಪ್ರಭವ 1867-68ರಲ್ಲೂ ಬಂದಿದೆ, 1927-28ರಲ್ಲೂ ಬಂದಿದೆ. ಇನ್ನೊಂದು ಫಜೀತಿ, ಅಜ್ಜನ ಹೆಸರನ್ನ ಮೊಮ್ಮಗನಿಗೆ ಇಡೋ ಪದ್ಧತಿ. ನಾನು ಎರಡು ವರ್ಷ ಒಬ್ಬರನ್ನೇ ಹುಡುಕ್ತಿದ್ದೀನಿ ಅಂದುಕೊಂಡಿದ್ದೆ. 1850ರ ಹೊತ್ತಿಗೆ ಕಾಡು ಕಡಿದ ಮನುಷ್ಯ 1931ರ ಕ್ರಯಪತ್ರಕ್ಕೆ ಸಹಿ ಹಾಕಿದ್ದು ಕಂಡಾಗ ತಲೆ ಚಚ್ಚಿಕೊಂಡೆ. ಅಜ್ಜ, ಮೊಮ್ಮಗ ಇಬ್ಬರನ್ನೂ ಸೇರಿಸಿ ಒಬ್ಬರನ್ನ ಮಾಡಿ ಕೂರಿಸಿದ್ದೆ! ಮನೆಯ ಹಿರಿಯರನ್ನ ಇಸವಿ ಕೇಳಬೇಡಿ, "ಧಾತು ಈಶ್ವರ ಬರಕ್ಕೆ ಮುಂಚೆಯೋ ಆಮೇಲೋ" ಅಂತ ಕೇಳಿ. ಧಾತು ಅಂದ್ರೆ 1876-77, ಈಶ್ವರ ಅಂದ್ರೆ 1877-78. ಆ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಕುಸಿಯಿತು ಅಂದ್ರೆ, 1871ರ ಗಣತೀಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ರು. ಬೇರೆಲ್ಲ ಮರೆತ ಮನೆಗಳಲ್ಲೂ ಇದೊಂದು ನೆನಪು ಉಳಿದಿರುತ್ತೆ. ಹಾಗೇ "ಕಾಫಿ ಎಲ್ಲ ಒಣಗಿ ಮನೆ ಸಾಲಕ್ಕೆ ಬಿತ್ತು" ಅನ್ನೋ ಮಾತು ಬಂದ್ರೆ 1860ರ ದಶಕದ ಕಾಂಡಕೊರಕ ಹುಳುವಿನ ಕಾಲ ಇರಬಹುದು. ಚಿಕ್ ಅನ್ನೋ ಹಳೇ ಕಾಫಿ ತಳಿ ಕೆಟ್ಟು, ಕೊಡಗಿನ ಬೀಜ ತಂದು ಮತ್ತೆ ತೋಟ ಕಟ್ಟಿದ್ದು ಅದರ ಆಚೀಚೆ.

ಊರಿನ ಮೂಲ ಹುಡುಕೋಕೆ ಕಚೇರಿಗಿಂತ ಮನೆದೇವರೇ ವಾಸಿ. ನಾವಿರೋದು ಮಲೆನಾಡಲ್ಲಿ, ಮುಡಿ ಕೊಡೋಕೆ ಹೋಗೋದು ಅರಸೀಕೆರೆ ಆಚೆ. ಚಿಕ್ಕವಳಿದ್ದಾಗ ಇಷ್ಟು ದೂರ ಯಾಕೆ ಬರ್ತೀವಿ ಅಂತ ಕೇಳಿದ್ರೆ "ಬಾಯ್ಮುಚ್ಕೊಂಡು ಕೈ ಮುಗಿ" ಅಂತಿದ್ರು. ಉತ್ತರ ಅಲ್ಲೇ ಇತ್ತು. ಅಲ್ಲಿಯ ಪೂಜಾರರ ಮನೇಲಿ ಒಕ್ಕಲುಗಳ ಪಟ್ಟಿ ಇತ್ತು, ಅದರಲ್ಲಿ "ಕಾಫಿ ಸೀಮೆಗೆ ಹೋದವರು" ಅಂತಲೇ ನಮ್ಮ ಮನೆತನ ಬರೆದಿತ್ತು.

ಹೆಣ್ಣುಮಕ್ಕಳನ್ನ ಬಿಟ್ಟರೆ ಅರ್ಧ ವಂಶ ಕಳಕೊಳ್ತೀರಿ. ಕಂದಾಯದವರು ಕೊಡೋ ವಂಶವೃಕ್ಷ, ಹಳೇ ಪಾಲುಪಟ್ಟಿ ಎಲ್ಲ ಆಸ್ತಿಗೆ ಯಾರು ಬೇಕೋ ಅವರನ್ನಷ್ಟೇ ಬರೆದ ಕಾಗದ. ನಮ್ಮದರಲ್ಲಿ ನಾಲ್ಕು ತಲೆಮಾರಿಗೆ ಒಂದು ಹೆಣ್ಣಿನ ಹೆಸರಿಲ್ಲ. ಹೆಣ್ಣು ಕೊಟ್ಟ ಮನೆ, ಹೆಣ್ಣು ತಂದ ಮನೆ ಯಾವುದು ಅಂತ ವಯಸ್ಸಾದ ಅತ್ತೆಯಂದಿರನ್ನ ಕೇಳಿ, ಆ ಮನೆಗಳಿಗೆ ಹೋಗಿ. ಅಜ್ಜನ ಅಜ್ಜನಿಗೆ ಮೊದಲೊಬ್ಬಳು ಹೆಂಡತಿ ಇದ್ದಳು, ಬಾಣಂತನದಲ್ಲಿ ಹೋದಳು ಅನ್ನೋದು ನಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ತವರಿನಲ್ಲಿ ಇವತ್ತಿಗೂ ಹಿರಿಯರ ಹಬ್ಬಕ್ಕೆ ಅವಳ ಹೆಸರು ಹೇಳಿ ಎಡೆ ಇಡ್ತಾರೆ.

ಕಡೇದಾಗಿ, ಅಟ್ಟ ಹುಡುಕಿ. ಕಡತ ಸಿಗಬಹುದು. ಹುಣಸೆ ಬೀಜದ ಗಂಜಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬೀಸಣಿಗೆ ಥರ ಮಡಿಸಿದ ಕರೀ ಪುಸ್ತಕ. ಬಳಪದಲ್ಲಿ ಬರೆದ ಲೆಕ್ಕ ಇರುತ್ತೆ. ನಮ್ಮ ಮನೇದು ಸಿಕ್ಕಿದ ಸಂಭ್ರಮದಲ್ಲಿ ಧೂಳು ಹೋಗಲಿ ಅಂತ ಒದ್ದೆ ಬಟ್ಟೇಲಿ ಒರೆಸಿದೆ. ಸ್ಲೇಟು ಒರೆಸಿದ ಹಾಗೆ ನಾಲ್ಕು ಮಡಿಕೆ ಅಳಿಸಿಹೋಯ್ತು, ನೂರೈವತ್ತು ವರ್ಷದ್ದು! ಅದು ಅಳಿಸಿ ಮತ್ತೆ ಬರೆಯೋಕೇ ಮಾಡಿದ ಪುಸ್ತಕ ಅಂತ ಆಗ ಹೊಳೆಯಲಿಲ್ಲ. ಉಳಿದದ್ದನ್ನ ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳೋ ಹಾಗೆ ಫೋಟೋ ತೆಗೆದೆ. ಎರಡು ಪುಟ ಆಳುಗಳ ಬಟವಾಡೆ, ಒಂದು ಪುಟ ಉಪ್ಪು, ಒಣಮೀನು. ವರಹ, ಹಣದ ಲೆಕ್ಕ ಕಂಡ್ರೆ ಗಾಬರಿ ಬೇಡ, ಹತ್ತು ಹಣಕ್ಕೆ ಒಂದು ವರಹ.

*ಧಾರವಾಡದಿಂದ, ನಿವೃತ್ತ ಮಾಸ್ತರ್ರು:*

ನಮ್ಮ ಕಡೆ ಈ ಕೆಲಸಾ ಹೆಳವರು ಮಾಡ್ತಾರ್ರೀ. ಸುಗ್ಗಿ ಮುಗದ ಮ್ಯಾಲೆ ಎತ್ತಿನ ಮ್ಯಾಲೆ ಕುಂತು ಬರ್ತಿದ್ರು, ಈಗ ಮೋಟರ್ ಸೈಕಲ್ ಮ್ಯಾಲೆ ಬರ್ತಾರ. ಬಾಗಲದಾಗ ನಿಂತು ನಿಮ್ಮ ಮೂಲಪುರುಷನಿಂದ ಹಿಡದು ಮೊನ್ನೆ ಹುಟ್ಟಿದ ಕೂಸಿನ ತನಕಾ ಒಂದ ಉಸರಿನ್ಯಾಗ ಹೇಳತಾರ. ಯಾರು ಯಾವ ಊರು ಬಿಟ್ಟು ಎಲ್ಲಿ ಹೋದ್ರು ಅನ್ನೋದೂ ಇರತದ. ಕಾಳು, ಬಟ್ಟಿ, ರೊಕ್ಕಾ ಕೊಟ್ಟು ಹೊಸಾ ಹೆಸರು ಬರಸಬೇಕು. ನಿಮ್ಮ ಮನೆದೇವರು ಬಯಲುಸೀಮ್ಯಾಗ ಇದ್ರ, ಅಲ್ಲೇ ಉಳಿದ ದಾಯಾದಿಗಳ ಮನೀಗೆ ಹೆಳವರು ಬರ್ತಾರೇನು ಕೇಳ್ರಿ. ಖರೇ ಹೇಳಬೇಕಂದ್ರ ಹೊಗಳಿಕಿ ಸ್ವಲ್ಪ ಜಾಸ್ತಿನ ಇರತದ. ಶೌರ್ಯದ ಕತಿ ಬಿಡ್ರಿ, ಹೆಸರು ಮತ್ತ ಊರು ಹಿಡೀರಿ.

*ಬೆಳ್ತಂಗಡಿಯಿಂದ:*

ಒಂದು ಮಾತು ಹೇಳ್ತೇನೆ, ಬೇಸರ ಮಾಡಬೇಡಿ. "ಕಾಡು ಕಡಿದು ಕಾಫಿ ಹಾಕಿದರು" ಅಂತ ನೀವೆಲ್ಲ ಬರೀತೀರಿ. ಕಡಿದದ್ದು ಯಾರು ಮಾರಾಯ್ರೆ? ನನ್ನ ಅಜ್ಜಿಯ ಅಜ್ಜ ಘಟ್ಟಕ್ಕೆ ಹೋದವರು. ಮೇಸ್ತ್ರಿ ಮನೆ ಬಾಗಿಲಿಗೆ ಬಂದು ಮುಂಗಡ ಕೊಟ್ಟು, ಚಾರ್ಮಾಡಿ ಹತ್ತಿಸಿ ಕರ್ಕೊಂಡು ಹೋಗುವುದು. ಮುಂಗಡ ತೀರುವವರೆಗೆ ಇಳಿಯುವ ಹಾಗಿಲ್ಲ. ಹೋದವರಲ್ಲಿ ಚಳಿಜ್ವರದಲ್ಲಿ ಹೋದವರೆಷ್ಟೋ. ನಮಗೆ ಪಟ್ಟಾ ಇಲ್ಲ, ಸರ್ವೆ ನಂಬರ್ ಇಲ್ಲ. ನಮ್ಮ ಹಿರಿಯರ ಹೆಸರು ಎಲ್ಲಿಯಾದರೂ ಉಂಟಾದರೆ ಅದು ನಿಮ್ಮಂಥವರ ಅಟ್ಟದ ಬಟವಾಡೆ ಲೆಕ್ಕದಲ್ಲಿ ಮಾತ್ರ. ಸಕಲೇಶಪುರದ ಅಕ್ಕ, ಆ ಎರಡು ಪುಟದ ಫೋಟೋ ಇಲ್ಲಿ ಹಾಕಬಹುದಾ? ಕೆಳಗಿನ ಊರಿನ ಹೆಸರು ಬರೆದಿರ್ತಾರೆ ಕೆಲವು ಸಲ.

ಪ್ರಶ್ನೆ ಕೇಳಿದವರಿಗೆ: ನಿಮ್ಮ ಮನೆಗೆ ಘಟ್ಟದ ಕೆಳಗಿನಿಂದ ಹೆಣ್ಣು ತಂದದ್ದಿದ್ದರೆ ಅವಳ ಕಡೆಯನ್ನು ಅಮ್ಮನಿಂದ ಅಮ್ಮನಿಗೆ ಹಿಡಿದು ಹೋಗಿ. ಅಳಿಯಕಟ್ಟಿನ ಮನೆಗಳಲ್ಲಿ ಬರಿ, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ಹೋಗುವುದು ಅಮ್ಮನ ಕಡೆಯಿಂದ. ಅಪ್ಪನ ಹೆಸರು ಹಿಡಿದು ಹೊರಟರೆ ಸುತ್ತಿ ಸುತ್ತಿ ಅಲ್ಲೇ ಬರ್ತೀರಿ.

*ಸಕಲೇಶಪುರ:* ಖಂಡಿತ ಹಾಕ್ತೀನಿ. ಊರಿನ ಹೆಸರು ಮೂರು ಕಡೆ ಇದೆ, ಒಂದು ಓದೋಕಾಗ್ತಿಲ್ಲ. ನೀವೇ ನೋಡಿ ಹೇಳಬೇಕು.

*ಬೆಂಗಳೂರಿಂದ ಇನ್ನೊಬ್ಬರು:*

ಕಾಗದದ ಕಡೆಯಿಂದ ನಾಲ್ಕು ಮಾತು. ಸರ್ವೆ ನಂಬರ್ ಇದೆ ಅಂದ್ರಲ್ಲ, ಭೂದಾಖಲೆ ಕಚೇರೀಲಿ ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲು ಕೇಳಿ. ಈಗಿನ ಪಹಣಿ ನೋಡಿ ಪ್ರಯೋಜನ ಇಲ್ಲ, ಅದು ಇವತ್ತಿನ ಮಾಲೀಕರ ಕತೆ. ಮೈಸೂರಿನಲ್ಲಿ ಸರ್ವೆ ಇಲಾಖೆ ಶುರುವಾದದ್ದೇ 1863ರಲ್ಲಿ, ಅದಕ್ಕೂ ಹಿಂದೆ ನಂಬರ್ ಇಲ್ಲ. ಆಗ ಕಾಫಿಗೆ ತೆರಿಗೆ ಬೀಳ್ತಿದ್ದದ್ದು ನೆಲದ ಮೇಲಲ್ಲ, ಫಸಲಿನ ಮೇಲೆ. ಮಣಕ್ಕೆ ನಾಲ್ಕಾಣೆ, ಹಾಲತ್ ಅಂತಿದ್ರು. ಹಳೇ ಪತ್ರದಲ್ಲಿ "ಹಾಲತ್ ಜಮೀನು" ಅಂತ ಕಂಡ್ರೆ ಬಿಡಬೇಡಿ. ನನಗೆ ಒಂದು ರೆಕಾರ್ಡ್ ರೂಮಿನಲ್ಲಿ ಮೂರು ಸಲ "ಗೆದ್ದಲು ತಿಂದಿದೆ" ಅಂತ ಹೇಳಿ ಕಳಿಸಿದ್ರು. ನಾಲ್ಕನೇ ಸಲ ಹೋದಾಗ ಬೇರೆ ಗುಮಾಸ್ತರಿದ್ರು, ಹತ್ತು ನಿಮಿಷಕ್ಕೆ ತಂದುಕೊಟ್ಟರು.

ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ 1831ರಿಂದ 1881ರವರೆಗಿನ ಬ್ರಿಟಿಷ್ ಕಮಿಷನರ್ ಆಡಳಿತದ ಕಡತಗಳನ್ನ ನೋಡಿ. ಮೂಡಿಗೆರೆಯನ್ನ ಚಿಕ್ಕಮಗಳೂರು ಜಿಲ್ಲೆಯಡಿ ಹುಡುಕಿದ್ರೆ ಸಿಗಲ್ಲ, ಸ್ವಾತಂತ್ರ್ಯದ ಹೊತ್ತಿನವರೆಗೂ ಅದು ಕಡೂರು ಜಿಲ್ಲೆ. ಸಕಲೇಶಪುರದ್ದು ಮಂಜ್ರಾಬಾದ್ ತಾಲ್ಲೂಕು, ಅದನ್ನೂ ಇಂಗ್ಲಿಷಲ್ಲಿ ಬಾಯಿಗೆ ಬಂದ ಹಾಗೆ ಬರೆದಿದ್ದಾರೆ. 1871ರ ಗಣತೀಲಿ ಮನೆಮನೆಯ ಹೆಸರು ಸಿಗುತ್ತೆ ಅಂತ ಆಸೆ ಪಡಬೇಡಿ, ಆ ಹಾಳೆಗಳನ್ನ ಉಳಿಸಿಲ್ಲ, ಒಟ್ಟು ಲೆಕ್ಕ ಮಾತ್ರ ಇದೆ. ಸರ್ಕಾರದ ಕಾಗದದಲ್ಲಿ ರೈತ ಸಿಗೋದು ತೆರಿಗೆ ಕಟ್ಟಿದಾಗ, ಇಲ್ಲ ಜಗಳ ಆಡಿದಾಗ. ನಮ್ಮವರು ಸಿಕ್ಕಿದ್ದು ಪಕ್ಕದ ಬಿಳಿ ದೊರೆಯ ತೋಟದ ಜೊತೆ ಬೇಲಿ ತಕರಾರಿನಲ್ಲಿ. ಅವರು ಜಗಳಗಂಟರಾಗಿದ್ದದ್ದು ನಮ್ಮ ಪುಣ್ಯ.

*ಪ್ರಶ್ನೆ ಕೇಳಿದವರು:*

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಊರಲ್ಲಿರೋ ಸೋದರತ್ತೆಗೆ ಫೋನ್ ಮಾಡಿದೆ. ಪ್ರಭವ ಅಂದ್ರೆ ಬರಕ್ಕೆ ಮುಂಚಿನದೇ ಅಂತೆ, ಬರ ಬಂದಾಗ ಮನೆ ನಡೆಸಿದ್ದು ವಿಧವೆ ಹೆಂಡತಿ. ಅವರ ಹೆಸರು ನಾನು ಕೇಳಿದ್ದು ಇದೇ ಮೊದಲು. ಅಟ್ಟದಲ್ಲಿ ಕರೀ ಪುಸ್ತಕ ಇದೆಯಾ ಅಂದೆ. "ಇದೆಯಲ್ಲ, ಪ್ರತಿ ಆಯುಧಪೂಜೆಗೆ ಚೆನ್ನಾಗಿ ಒರೆಸಿ ಕುಂಕುಮ ಹಚ್ತೀವಿ" ಅಂದ್ರು. ಎದೆ ಧಸಕ್ಕಂತು. ಒಳಗಿನ ಮಡಿಕೆ ಬಿಚ್ಚಿ ಒರೆಸ್ತೀರಾ ಅಂತ ಕೇಳಿದ್ರೆ, "ಬಿಚ್ಚೋಕೆ ಯಾರಿಗೆ ಪುರುಸೊತ್ತು" ಅಂದ್ರು. ಶನಿವಾರ ಬೆಳಗಿನ ಬಸ್ಸಿಗೆ ಹೊರಡ್ತಿದ್ದೀನಿ.