‘ಚಂಡಿ’: ಕೋಪವೋ, ಹಟವೋ, ಬರೀ ಹೆಸರೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ವಿಚಾರಿಸಬೇಕಾಗಿದೆ. ನಮ್ಮ ಹವ್ಯಾಸಿ ತಂಡವು, ಬಾಯಿಬಡುಕಿ ಹೆಂಡತಿಯನ್ನು ಗಂಡನು ಪಳಗಿಸುವ ಕಥೆಯಾದ ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದ ಕನ್ನಡ ರೂಪಾಂತರವೊಂದನ್ನು ಈಚೆಗೆ ಓದಿಗೆ ತೆಗೆದುಕೊಂಡಿತ್ತು. ಮೊದಲನೆಯ ಅಂಕದಲ್ಲೇ ನಾಯಕಿಗೆ ‘ಚಂಡಿಯಂತೆ ನಿಲ್ಲುವಳು’ ಎಂದು ಸೂಚನೆ ಇದೆ. ಆ ಪಾತ್ರ ಮಾಡುತ್ತಿದ್ದವರು ಓದುವುದನ್ನು ನಿಲ್ಲಿಸಿ, “ಸಾರ್, ಇಲ್ಲಿ ನಾನು ಕಣ್ಣು ಕೆಂಪಗೆ ಮಾಡಿಕೊಂಡು ನಿಲ್ಲಬೇಕೋ, ತುಟಿ ಬಿಗಿದುಕೊಂಡು ನಿಲ್ಲಬೇಕೋ?” ಎಂದು ಕೇಳಿದರು. ಅಂದರೆ ಕೋಪವೋ, ಹಟವೋ ಎಂಬುದು ಅವರ ಪ್ರಶ್ನೆ. ನಾನು ಉತ್ತರಕ್ಕೆ ತಡಕಾಡುತ್ತಿರುವಾಗ, ಬೆಳಕಿನ ಕೆಲಸ ನೋಡಿಕೊಳ್ಳುವ ಕುಂದಾಪುರದ ಹುಡುಗ, “ನಮ್ಮಲ್ಲಿ ಚಂಡಿ ಅಂದ್ರೆ ಒದ್ದೆ” ಎಂದು ಎಲ್ಲರನ್ನೂ ನಗಿಸಿದ. ಮಳೆಯಲ್ಲಿ ಬಟ್ಟೆ ಚಂಡಿಯಾಗುವ ಕರಾವಳಿಯ ಆ ಪದ ಬೇರೆಯದೇ ಇರಬೇಕು. ಅದನ್ನು ಇಲ್ಲಿಗೇ ಬಿಡುತ್ತೇನೆ. ಆದರೆ ನಟಿಯ ಪ್ರಶ್ನೆ ಹಾಗೆ ಬಿಡುವಂಥದ್ದಲ್ಲ.

ಸಂಸ್ಕೃತದ ದಾರಿ ಹಿಡಿದರೆ ಉತ್ತರ ಸುಲಭ. ಚಂಡ ಎಂದರೆ ಉಗ್ರ, ಕಡುಕೋಪಿ. ಚಂಡಿ ಅದರ ಸ್ತ್ರೀರೂಪ, ದುರ್ಗೆಯ ಹೆಸರೂ ಹೌದು. ಆದರೆ ಈ ಕೋಪಕ್ಕೆ ಅಲ್ಲಿ ಯಾವಾಗಲೂ ನಿಂದೆಯ ಧ್ವನಿ ಇಲ್ಲ ಎಂಬುದನ್ನು ಗಮನಿಸಬೇಕು. ಕಾಳಿದಾಸನ ಮೇಘದೂತದ ಯಕ್ಷನು ತನ್ನ ಮಡದಿಯ ಮೈಯನ್ನು ಬಳ್ಳಿಯಲ್ಲಿ, ನೋಟವನ್ನು ಬೆದರಿದ ಹೆಣ್ಣುಜಿಂಕೆಯಲ್ಲಿ, ಮುಖದ ಕಾಂತಿಯನ್ನು ಚಂದ್ರನಲ್ಲಿ ಕಂಡು, ಕೊನೆಗೆ ಎಲ್ಲವೂ ಒಂದೆಡೆ ಸಿಕ್ಕದೆ ‘ನ ತೇ ಚಂಡಿ ಸಾದೃಶ್ಯಮಸ್ತಿ’ (ಚಂಡಿ, ನಿನಗೆ ಹೋಲಿಕೆಯೇ ಇಲ್ಲ) ಎಂದು ಹಲುಬುತ್ತಾನೆ. ಹೋಲಿಕೆ ಹೇಳಿದ ಮಾತ್ರಕ್ಕೆ ಸಿಟ್ಟಾಗಬೇಡ ಎಂಬುದು ಅಲ್ಲಿನ ಭಾವ ಎಂದು ಮಲ್ಲಿನಾಥನು ವ್ಯಾಖ್ಯಾನಿಸುತ್ತಾನೆ. ಎಂದರೆ ಇದು ಮುನಿಸುಗಾತಿಯನ್ನು ಮುದ್ದಿಸುವ ಸಂಬೋಧನೆ. ಇದೇ ಜಾತಿಯ ಇನ್ನೊಂದು ಪದ ‘ಭಾಮಿನಿ’. ಅಮರಕೋಶವು ‘ಕೋಪನಾ ಸೈವ ಭಾಮಿನೀ’ (ಕೋಪಿಸಿಕೊಳ್ಳುವವಳೇ ಭಾಮಿನಿ) ಎಂದು ಸ್ಪಷ್ಟವಾಗಿ ಹೇಳಿದರೂ, ಕನ್ನಡಕ್ಕೆ ಬರುವಷ್ಟರಲ್ಲಿ ಭಾಮಿನಿಯ ಕೋಪ ಇಳಿದು ಅವಳು ಬರಿಯ ಚೆಲುವೆಯಾದಳು, ಒಂದು ಷಟ್ಪದಿಗೆ ಹೆಸರೂ ಆದಳು. ಒಬ್ಬಳ ಕೋಪ ಇಳಿದು ಇನ್ನೊಬ್ಬಳ ಕೋಪ ಬೈಗುಳವಾದದ್ದು ಹೇಗೆ?

ಕನ್ನಡಿಗರಿಗೆ ಚಂಡಿ ಎಂದೊಡನೆ ನೆನಪಾಗುವುದು ಕಾಳಿದಾಸನಲ್ಲ, ಲಕ್ಷ್ಮೀಶ. ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆ ಒಂದು ಬಂಡೆಗೆ ಅಂಟಿಕೊಂಡು ನಿಂತಾಗ ಅರ್ಜುನನಿಗೆ ಆ ಬಂಡೆಯ ಪೂರ್ವವೃತ್ತಾಂತ ತಿಳಿಯುತ್ತದೆ. ಉದ್ದಾಲಕ ಮುನಿಯ ಹೆಂಡತಿ ಚಂಡಿ, ಗಂಡ ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವವಳು. ಅತಿಥಿಯಾಗಿ ಬಂದ ಋಷಿಯೊಬ್ಬನ ಸಲಹೆಯಂತೆ ಗಂಡನು ಬೇಕಾದುದನ್ನು ಬೇಡವೆಂದು ಹೇಳತೊಡಗುತ್ತಾನೆ, ತಂದೆಯ ಶ್ರಾದ್ಧವನ್ನು ಮಾಡುವುದೇ ಇಲ್ಲವೆನ್ನುತ್ತಾನೆ. ಅವಳು ಎಲ್ಲವನ್ನೂ ಸಾಂಗವಾಗಿ ಮಾಡಿಸುತ್ತಾಳೆ. ಕಡೆಯಲ್ಲಿ ಅವನು ಮೈಮರೆತು ಪಿಂಡವನ್ನು ನೀರಿಗೆ ಹಾಕೆಂದು ನೇರವಾಗಿ ಹೇಳಿಬಿಡುತ್ತಾನೆ, ಅದು ತಿಪ್ಪೆಗೆ ಬೀಳುತ್ತದೆ, ಶಾಪದಿಂದ ಅವಳು ಕಲ್ಲಾಗುತ್ತಾಳೆ. ಈ ಕಥೆಯಲ್ಲಿ ಕೂಗಾಡುವ, ಕಣ್ಣು ಕೆಂಪಾಗಿಸುವ ಚಂಡಿ ನನಗೆ ಕಾಣುವುದಿಲ್ಲ. ಸಿಟ್ಟಿನಿಂದ ಶಾಪ ಕೊಡುವವನು ಗಂಡ. ಅವಳದ್ದು ಹಟ, ಅದೂ ಲೆಕ್ಕ ತಪ್ಪದ ಹಟ. ಆಡಿದ ಮಾತನ್ನು ತಿರುಗಿಸಿ ಹಾಕುವ ಆ ನಿಯಮವನ್ನು ಅವಳು ಒಮ್ಮೆಯೂ ಮುರಿಯುವುದಿಲ್ಲ, ಮುರಿಯುವವನು ಅವನೇ. ಹಾಗಿದ್ದರೆ ‘ಚಂಡಿ ಹಿಡಿ’ ಎಂಬ ನಮ್ಮ ಮಾತು ಈ ಪಾತ್ರದಿಂದಲೇ ಹುಟ್ಟಿತೆಂದು ಹೇಳಬಹುದೇ?

ಇಲ್ಲಿ ನನಗೊಂದು ವ್ಯಾಕರಣದ ಅನುಮಾನವಿದೆ. ಬಾಲ್ಯದಲ್ಲಿ ಅಜ್ಜಿ ನನಗೆ, ಗಂಡುಹುಡುಗನಿಗೆ, “ಊಟಕ್ಕೆ ಕೂತಾಗ ಚಂಡಿ ಹಿಡೀಬೇಡ” ಎಂದು ಗದರುತ್ತಿದ್ದರು. ‘ಮಗುವಿಗೆ ದೆವ್ವ ಹಿಡಿದಿದೆ’ ಎನ್ನುವಾಗ ಹಿಡಿಯುವುದು ದೆವ್ವ, ಸಿಕ್ಕಿಬೀಳುವುದು ಮಗು. ‘ಮಗು ಹಟ ಹಿಡಿದಿದೆ’ ಎನ್ನುವಾಗ ಹಿಡಿಯುವುದು ಮಗುವೇ. ನಾವು ‘ಮಗು ಚಂಡಿ ಹಿಡಿದಿದೆ’ ಎನ್ನುತ್ತೇವೆಯೇ ಹೊರತು ‘ಮಗುವಿಗೆ ಚಂಡಿ ಹಿಡಿದಿದೆ’ ಎಂದು ಹೇಳುವುದನ್ನು ನಾನು ಕೇಳಿಲ್ಲ. ಎಂದಮೇಲೆ ಇಲ್ಲಿ ಚಂಡಿ ಎಂಬುದು ಮೈಮೇಲೆ ಬರುವ ದೇವಿಯೂ ಅಲ್ಲ, ಮುನಿಪತ್ನಿಯೂ ಅಲ್ಲ. ಹಟ, ರಚ್ಚೆ ಎಂಬಂತೆ ಒಂದು ಗುಣದ ಹೆಸರು. ತಮಿಳಿನಲ್ಲಿ ಮೊಂಡುಬಿದ್ದ ಕುದುರೆಗೆ ‘ಸಂಡಿಕ್ಕುದಿರೈ’ ಎಂದೂ ಮೊಂಡುತನಕ್ಕೆ ‘ಸಂಡಿತ್ತನಂ’ ಎಂದೂ ಹೇಳುತ್ತಾರೆ, ಮತ್ತು ಅಲ್ಲಿ ಅದು ಹೆಣ್ಣಿಗೆ ಅಂಟಿಕೊಂಡ ಪದವಲ್ಲ. ಹಟವೆಂಬ ಅರ್ಥದ ದೇಸಿ ಪದವೊಂದು ಮೊದಲೇ ಇದ್ದು, ಕೋಪವೆಂಬ ಅರ್ಥದ ಸಂಸ್ಕೃತ ಪದವು ಅದರ ಮೇಲೆ ಬಂದು ಕೂತು, ಜೈಮಿನಿಯ ಕಥೆಯಲ್ಲಿ ಎರಡೂ ಒಂದೇ ಹೆಣ್ಣಿನ ಹೆಸರಾಗಿ ಬೆಸೆದುಕೊಂಡವೆಂಬುದು ನನ್ನ ಊಹೆ. ತಪ್ಪಿದ್ದರೆ ತಿದ್ದಬೇಕು.

ಇದು ಬರಿಯ ವ್ಯುತ್ಪತ್ತಿಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಷೇಕ್ಸ್‌ಪಿಯರನ ಈ ನಾಟಕಕ್ಕೆ ಕನ್ನಡದಲ್ಲಿ ‘ಚಂಡೀಮರ್ದನ’ ಎಂಬ ಹಳೆಯ ರೂಪಾಂತರವಿದೆ. ಆ ಹೆಸರಿನ ಎದುರು ನಾನು ಬಹಳ ಹೊತ್ತು ಕುಳಿತಿದ್ದೇನೆ. ಮರ್ದನವೆಂದರೆ ನಮಗೆ ಮಹಿಷಮರ್ದಿನಿ. ತುಳಿಯುವವಳು ಚಂಡಿ, ತುಳಿಸಿಕೊಳ್ಳುವವನು ಕೋಣ. ಈ ಶೀರ್ಷಿಕೆಯಲ್ಲಿ ವಿಭಕ್ತಿ ತಿರುಗಿ ಚಂಡಿಯೇ ತುಳಿಸಿಕೊಳ್ಳುವವಳಾದಳು. ಮರಾಠಿಯಲ್ಲಿ ವಾ. ಬಾ. ಕೇಳಕರರು ಇದೇ ನಾಟಕವನ್ನು ‘ತ್ರಾಟಿಕಾ’ ಮಾಡಿದರು. ಅದು ನಮ್ಮ ತಾಟಕಿಯೇ. ಕನ್ನಡದಲ್ಲಿ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ಬರುವಷ್ಟರಲ್ಲಿ ಹೆಸರಿನಿಂದ ಹೆಣ್ಣೇ ಮಾಯವಾಗಿದ್ದಾಳೆ. ಅದನ್ನು ಆಧರಿಸಿ 1989ರಲ್ಲಿ ಬಂದ ಚಿತ್ರ ‘ನಂಜುಂಡಿ ಕಲ್ಯಾಣ’. ಜನ ಮೆಚ್ಚಿ ನೋಡಿದ್ದು ಹೊಸ ನಟಿ ಮಾಲಾಶ್ರೀಯವರ ಬಿಂಕದ ಅಬ್ಬರವನ್ನು, ಹೆಸರಿನಲ್ಲಿರುವುದು ಗಂಡ.

ಪುರಾಣದ ಗಂಡಸರ ಹೆಸರುಗಳೂ ಬೈಗುಳವಾಗಿವೆ ಎಂದು ಯಾರಾದರೂ ಹೇಳಬಹುದು. ನಿಜ, ಶಕುನಿ, ಕೀಚಕ, ದುಶ್ಶಾಸನ ಇದ್ದಾರೆ. ಆದರೆ ಅವರು ಮಾಡಿದ ಕೆಲಸದಿಂದ ಬೈಗುಳವಾದವರು. ಚಂಡಿ, ತಾಟಕಿ, ಗಯ್ಯಾಳಿ, ಬಜಾರಿ, ಘಟವಾಣಿ ಎಂಬ ಸಾಲಿನಲ್ಲಿ ದೂರು ಇರುವುದು ದನಿಯ ಮೇಲೆ, ನಿಲುವಿನ ಮೇಲೆ. (ಮಂಥರೆ ಈ ಲೆಕ್ಕಕ್ಕೆ ಒಗ್ಗುವುದಿಲ್ಲ, ಒಪ್ಪುತ್ತೇನೆ.) ಬಜಾರಿಯಲ್ಲಂತೂ ಬಜಾರಿನಲ್ಲಿ ನಿಂತು ಮಾತಾಡಿದಳೆಂಬುದೇ ತಪ್ಪು, ಅಲ್ಲಿಯೇ ದಿನವಿಡೀ ನಿಂತು ಕೂಗುವ ಗಂಡಸಿಗೆ ಆ ಅರ್ಥದ ಹೆಸರಿಲ್ಲ.

ಆದರೂ ಪದಗಳು ಬಿದ್ದಲ್ಲೇ ಬಿದ್ದಿರುವುದಿಲ್ಲ. ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಓದಿದವರಿಗೆ ಗಯ್ಯಾಳಿ ಎಂಬ ಮಾತು ಮೊದಲಿನಂತೆ ಕೇಳಿಸುವುದಿಲ್ಲ. ಊರಿನ ಗಂಡಸರ ಕಿತಾಪತಿಯನ್ನು ಬಾಯಿಯಿಂದಲೂ ಕೈಯಿಂದಲೂ ಸರಿಪಡಿಸುವ ಆ ಹೆಂಗಸರು ಬೈಗುಳಕ್ಕೆ ಒಂದು ಬಗೆಯ ಅಕ್ಕರೆಯನ್ನು ತಂದುಕೊಟ್ಟರು. 2016ರಲ್ಲಿ ಸುಮನಾ ಕಿತ್ತೂರು ಅವರು ಅದೇ ಹೆಸರಿನಲ್ಲಿ ಚಿತ್ರ ಮಾಡಿದಾಗ ಅದು ಪೋಸ್ಟರಿನ ಮೇಲೆ ಮುಜುಗರವಿಲ್ಲದೆ ನಿಂತಿತು. ಚಂಡಿಗೆ ಅಂಥ ಅದೃಷ್ಟ ಯಾವ ಕೃತಿಯಿಂದಲಾದರೂ ಒದಗಿದೆಯೇ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಕಡೆ ‘ಚಂಡಿ ಹಿಡಿ’ ಎಂಬುದನ್ನು ಬೆಳೆದ ಗಂಡಸಿಗೆ ಹೇಳುತ್ತಾರೆಯೇ, ಅಥವಾ ಮಕ್ಕಳಿಗೂ ಹೆಂಗಸರಿಗೂ ಮಾತ್ರ ಮೀಸಲೇ? ನೊಗಕ್ಕೆ ಕತ್ತು ಕೊಡದ ಎತ್ತಿಗೆ ಈ ಪದ ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಲಕ್ಷ್ಮೀಶನಿಗಿಂತ ಹಿಂದಿನ ಕನ್ನಡ ಕಾವ್ಯದಲ್ಲಾಗಲಿ ಶಾಸನದಲ್ಲಾಗಲಿ ಚಂಡಿ ಎಂಬುದು ಹಟವೆಂಬ ಅರ್ಥದಲ್ಲಿ ಬಂದಿರುವ ಪ್ರಯೋಗ ಸಿಕ್ಕಿದರೆ ನನ್ನ ಊಹೆಗೆ ಬಲ ಬರುತ್ತದೆ, ಸಿಗದಿದ್ದರೆ ಅದನ್ನು ಹಿಂತೆಗೆದುಕೊಳ್ಳುತ್ತೇನೆ. ನಟಿಗೆ ಸದ್ಯಕ್ಕೆ ತುಟಿ ಬಿಗಿದುಕೊಂಡು ನಿಲ್ಲಿ ಎಂದಿದ್ದೇನೆ. ಮುಂದಿನ ಓದು ಭಾನುವಾರ ಇರುವುದರಿಂದ ಅದರೊಳಗೆ ಯಾರಾದರೂ ಬರೆದರೆ ಉಪಕಾರವಾದೀತು.